ಸುಗಂಧ ತೈಲದಲ್ಲಿ ಋತುಮಾನದ ಗುರುತು

ಒಂದೇ ಊರಿನ ಒಂದೇ ಗಿಡದ ತೈಲವನ್ನು ಹಳೆಯ ವ್ಯಾಪಾರಪತ್ರವೊಂದು ಉತ್ತಮವೆಂದೂ ಮತ್ತೊಂದು ಹೀನವೆಂದೂ ಕರೆದಿದ್ದರೆ, ನಮ್ಮಂಥ ಇತಿಹಾಸದ ಅಧ್ಯಾಪಕರು ಕೂಡಲೇ ವರ್ತಕನ ಕಪಟವನ್ನು ಶಂಕಿಸುವುದು ವಾಡಿಕೆ. ಎರಡೂ ಶುದ್ಧ ತೈಲಗಳೇ ಆಗಿದ್ದು ಕೊಯ್ಲಿನ ಕಾಲ ಮಾತ್ರ ಭಿನ್ನವಾಗಿದ್ದಿರಬಹುದೆಂಬ ವಿಚಾರ ನಮಗೆ ತೋಚುವುದು ಅಪೂರ್ವ. ರಸಾಯನಶಾಸ್ತ್ರದಲ್ಲಿ ಅಧಿಕಾರವಿಲ್ಲದಿದ್ದರೂ ಈ ವಿಷಯಕ್ಕೆ ನಾವು ಕೈಹಾಕಿರುವುದು ಇದರಿಂದಲೇ.

ಪೆಪ್ಪರ್‌ಮಿಂಟ್ ಗಿಡವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಇದು ಪುದೀನದ ಎರಡು ಜಾತಿಗಳ ಸಂಕರದಿಂದ ಹುಟ್ಟಿದ ಸಸ್ಯ. 18ನೆಯ ಶತಮಾನದಲ್ಲಿ ಲಂಡನ್ನಿನ ಸಮೀಪದ ಮಿಚಮ್ ಇದರ ಬೇಸಾಯಕ್ಕೆ ಹೆಸರಾಯಿತು. ತೈಲವಿರುವುದು ಎಲೆಯ ಮೇಲ್ಮೈಯ ಸೂಕ್ಷ್ಮ ಗ್ರಂಥಿಗಳಲ್ಲಿ. ಎಳೆಯ ಎಲೆಯಲ್ಲಿ ಮೆಂಥೋನ್ ಎಂಬ ವಸ್ತು ಅಧಿಕ. ಎಲೆ ಬಲಿತಂತೆ ಕಿಣ್ವವೊಂದು ಮೆಂಥೋನಿಗೆ ಜಲಜನಕವನ್ನು ಕೂಡಿಸಿ ಅದನ್ನು ಮೆಂಥಾಲನ್ನಾಗಿ ಮಾರ್ಪಡಿಸುತ್ತದೆ. ನಾಲಗೆಗೆ ತಂಪೆನಿಸುವುದು ಈ ಮೆಂಥಾಲೇ. ಹೂ ಬಿಡುವ ವೇಳೆಗೆ ಅದರ ಒಂದಂಶ ಮೆಂಥೈಲ್ ಅಸಿಟೇಟ್ ಆಗುತ್ತದೆ. ಹೂವಿನ ತೈಲದಲ್ಲಾದರೋ ಮೆಂಥೋಫ್ಯೂರಾನ್ ಹೆಚ್ಚು. ಅದು ಮಿತಿಮೀರಿದರೆ ಪರಿಮಳ ಕೆಡುತ್ತದೆ. ಬೇಗ ಕೊಯ್ದರೆ ಮೆಂಥಾಲ್ ಸಾಲದು, ತಡಮಾಡಿದರೆ ವಾಸನೆ ಹದಗೆಡುವುದು. ಹೂ ಬಿಡತೊಡಗಿದಾಗಲೇ ಕೊಯ್ಯುವ ರೈತರ ರೂಢಿಗೆ ಅರ್ಥವಿದೆ.

ಎಲೆಯ ವಯಸ್ಸೊಂದೇ ಕಾರಣವಲ್ಲ. ಮೆಂಥೋನ್, ಮೆಂಥೋಫ್ಯೂರಾನ್ ಎರಡೂ ಪುಲೆಗೋನ್ ಎಂಬ ಒಂದೇ ಮೂಲದಿಂದ ಕವಲೊಡೆಯುತ್ತವೆ. ಹಗಲು ದೀರ್ಘವಾಗಿ ರಾತ್ರಿ ತಂಪಾಗಿದ್ದರೆ ಮೊದಲನೆಯ ಕವಲು ಬಲಿಯುತ್ತದೆ. ಹಗಲು ಕುಗ್ಗಿ ರಾತ್ರಿ ಬೆಚ್ಚಗಿದ್ದರೆ ಎರಡನೆಯದು. ಯೂರೋಪಿನ ಔಷಧಸಂಹಿತೆ ಈ ತೈಲದಲ್ಲಿ ಮೆಂಥಾಲಿಗೆ ಶೇಕಡಾ 30ರಿಂದ 55ರವರೆಗೆ ಅವಕಾಶ ಕೊಟ್ಟಿದೆ. ಮಿತಿ ಇಷ್ಟು ವಿಶಾಲವಾಗಿರುವುದನ್ನು ಓದುಗರು ಗಮನಿಸಬೇಕು.

ಚರಕಸಂಹಿತೆಯ ಕಲ್ಪಸ್ಥಾನ ಎಲೆಗಳನ್ನು ವರ್ಷಾ ವಸಂತಗಳಲ್ಲಿಯೂ, ತೊಗಟೆಯನ್ನು ಶರತ್ತಿನಲ್ಲಿಯೂ ಸಂಗ್ರಹಿಸಬೇಕೆನ್ನುತ್ತದೆ. ಪ್ರಾಚೀನರಿಗೆ ಕಿಣ್ವಗಳ ಜ್ಞಾನವಿತ್ತೆಂದು ಇದರಿಂದ ಸಾಧಿಸಹೊರಡುವುದು ಅವಿವೇಕ. ಅನುಭವ ಅವರದು, ವಿವರಣೆ ಇಂದಿನದು.

ಎಲ್ಲ ತೈಲಗಳಿಗೂ ಈ ಮಾತು ಸಮನಾಗಿ ಸಲ್ಲದು. ನಮ್ಮ ಶ್ರೀಗಂಧದ ಎಣ್ಣೆ ಕೂಡಿಕೊಳ್ಳುವುದು ಮರದ ಕೇಚಿನಲ್ಲಿ, ವರ್ಷಗಳ ಕಾಲ. ಅಲ್ಲಿ ಕೇಳಬೇಕಾದುದು ಮರದ ವಯಸ್ಸು. ಪೆಪ್ಪರ್‌ಮಿಂಟಿನಂಥ ಎಲೆಯ ತೈಲಕ್ಕಾದರೆ ಕೊಯ್ಲಿನ ತಿಂಗಳನ್ನು ಕೇಳಬೇಕು. ಹಳೆಯ ದಾಖಲೆಯಲ್ಲಿ ಆ ತಿಂಗಳು ಕಾಣದಿದ್ದರೆ, ವರ್ತಕನ ಮೇಲಿನ ಆರೋಪವನ್ನು ನಾವು ತಡೆಹಿಡಿಯುವುದೇ ನ್ಯಾಯ.