ಹಳೆಯ ಪುಸ್ತಕದ ಹಿಂದಿನ ಒಡೆಯರು

ಪ್ರಶ್ನೆ: ನಾಲ್ಕೈದು ಶತಮಾನ ಹಳೆಯ ಮುದ್ರಿತ ಪುಸ್ತಕ ಹಿಂದೆ ಯಾರ ಬಳಿ ಇತ್ತೆಂದು ಹೇಗೆ ಪತ್ತೆಹಚ್ಚುತ್ತಾರೆ?

ಉತ್ತರ: ಮೊದಲು ನೋಡುವುದು ರಟ್ಟಿನ ಒಳಬದಿಯನ್ನು. ಸಹಿ, ಅಂಟಿಸಿದ ಹೆಸರುಚೀಟಿ, ಗ್ರಂಥಾಲಯದ ಮೊಹರು, ಕಪಾಟಿನ ಸಂಖ್ಯೆ ಅಲ್ಲಿರುತ್ತವೆ. ಅಳಿಸಿದ ಹೆಸರೂ ಎಷ್ಟೋ ಸಲ ನೇರಳಾತೀತ ಬೆಳಕಿನಲ್ಲಿ ಕಾಣುತ್ತದೆ. ಮಿಕ್ಕ ಕೊಂಡಿಗಳಿಗೆ ಹಳೆಯ ಹರಾಜು ಪಟ್ಟಿಗಳೇ ಗತಿ.

ಈ ಹುಡುಕಾಟ ಎಲ್ಲಿಗೆ ಮುಟ್ಟಿಸಬಲ್ಲದು ಎಂಬುದಕ್ಕೆ ಕೋಪರ್ನಿಕಸ್‌ನ 1543ರ ಗ್ರಂಥವೇ ಸಾಕ್ಷಿ. ಸೂರ್ಯನನ್ನು ನಡುವಿನಲ್ಲಿಟ್ಟ ಆ ಪುಸ್ತಕವನ್ನು ಯಾರೂ ಓದಿರಲಿಲ್ಲವೆಂದು ಲೇಖಕ ಆರ್ಥರ್ ಕೆಸ್ಲರ್ 1959ರಲ್ಲಿ ಬರೆದರು. 1970ರಲ್ಲಿ ಖಗೋಳವಿಜ್ಞಾನಿ ಓವೆನ್ ಗಿಂಗರಿಚ್ ಎಡಿನ್‌ಬರೋದಲ್ಲಿ ಒಂದು ಪ್ರತಿಯನ್ನು ತೆರೆದರೆ ಅಂಚಿನ ತುಂಬ ಟಿಪ್ಪಣಿಗಳು! ಹೊದಿಕೆಯ ಮೇಲೆ ಒತ್ತಿದ್ದ ‘ಇ’, ‘ಆರ್’ ಎಂಬ ಅಕ್ಷರಗಳು ಒಡೆಯನ ಗುರುತು ಕೊಟ್ಟವು: ವಿಟೆನ್‌ಬರ್ಗ್‌ನಲ್ಲಿ ಪಾಠ ಹೇಳುತ್ತಿದ್ದ ಗಣಿತಜ್ಞ ಎರಾಸ್ಮಸ್ ರೈನ್‌ಹೋಲ್ಡ್.

ಅಲ್ಲಿಂದ ಗಿಂಗರಿಚ್ ಮೂರು ದಶಕ ದೇಶದೇಶ ಸುತ್ತಿ, 1543 ಮತ್ತು 1566ರ ಮುದ್ರಣಗಳ ಸುಮಾರು 600 ಪ್ರತಿಗಳನ್ನು ದಾಖಲಿಸಿದರು. ಒಬ್ಬರ ಟಿಪ್ಪಣಿ ಇನ್ನೊಬ್ಬರ ಪ್ರತಿಗೆ ನಕಲಾಗಿತ್ತು; ಗುರುಶಿಷ್ಯರ ಜಾಲವೇ ಹೊರಬಿತ್ತು. ಕೆಲವು ಸಾಲು ತಿದ್ದಬೇಕೆಂದು 1620ರಲ್ಲಿ ರೋಮ್ ಹೊರಡಿಸಿದ ಆಜ್ಞೆಯನ್ನು ಇಟಲಿಯ ಬಹಳಷ್ಟು ಪ್ರತಿಗಳಲ್ಲಿ ಪಾಲಿಸಲಾಗಿದೆ, ಹೊರದೇಶಗಳಲ್ಲಿ ಕಂಡುಬರುವುದು ಅಪರೂಪ. ಗೆಲಿಲಿಯೊನ ಪ್ರತಿಯಲ್ಲಂತೂ ಮೂಲ ಸಾಲು ಓದಲು ಬರುವಂತೆ ತೆಳುವಾಗಿ ಗೀಟು ಎಳೆಯಲಾಗಿದೆ.

ಒಂದು ಕಾಲಕ್ಕೆ ವ್ಯಾಪಾರಿಗಳು ಪುಟ ಚೊಕ್ಕಟವಾಗಿರಲೆಂದು ಇಂಥ ಬರಹಗಳನ್ನು ತೊಳೆದುಹಾಕುತ್ತಿದ್ದರು. ನನ್ನ ಪ್ರಕಾರ ಅದು ದೊಡ್ಡ ನಷ್ಟ. ಈಗಿನ ಸಂಗ್ರಾಹಕರು ಅದೇ ಬರಹಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ.