ಕ್ರೀಡಾ ವಸತಿ ನಿಲಯಗಳಿಗೆ ಮಕ್ಕಳ ಆಯ್ಕೆ: ಪ್ರತಿಭೆಯನ್ನು ಗುರುತಿಸುವ ವಿಧಾನ

ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ಓಟ, ಕುಸ್ತಿ ಮತ್ತು ಕಬಡ್ಡಿಯಲ್ಲಿ ಆಸಕ್ತಿಯುಳ್ಳ ಮಕ್ಕಳು ಅನೇಕರಿದ್ದಾರೆ. ಹಳಿಯಾಳದಲ್ಲಿ ಕುಸ್ತಿಪಟುಗಳಿಗಾಗಿ ಕ್ರೀಡಾ ವಸತಿ ನಿಲಯವೂ ಇದೆ. ಊರಿನ ಪಂದ್ಯದಲ್ಲಿ ಗೆದ್ದ ಮಗು ಆಯ್ಕೆಯಾಗದೆ, ಸೋತ ಮಗು ಆಯ್ಕೆಯಾದಾಗ ಪಾಲಕರಲ್ಲಿ ಸಂದೇಹ ಮೂಡುವುದು ಸಹಜ. ಆಯ್ಕೆ ಶಿಬಿರದಲ್ಲಿ ಏನನ್ನು ಪರಿಶೀಲಿಸಲಾಗುತ್ತದೆ ಎಂಬುದನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

1. ಈ ಪ್ರದೇಶದ ಅನುಭವ

ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ 1987ರಲ್ಲಿ ಸಿದ್ದಿ ಸಮುದಾಯದ ಮಕ್ಕಳನ್ನು ಆಯ್ದು ಅಥ್ಲೆಟಿಕ್ಸ್ ತರಬೇತಿಯನ್ನು ಆರಂಭಿಸಿತು. ಅವರಲ್ಲಿ ಕೆಲವರು ರಾಷ್ಟ್ರ ಮಟ್ಟವನ್ನು ತಲುಪಿದರು. 1993ರಲ್ಲಿ ಈ ಕಾರ್ಯಕ್ರಮ ನಿಂತಾಗ ಹಲವರು ಕ್ರೀಡೆಯನ್ನು ಬಿಟ್ಟು ಊರಿಗೆ ಮರಳಬೇಕಾಯಿತು. ಇದರಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ: ಮೈದಾನವಿಲ್ಲದ ಊರಿನಲ್ಲಿಯೂ ಪ್ರತಿಭೆ ಇರುತ್ತದೆ, ಆದರೆ ತರಬೇತಿ, ಆಹಾರ ಮತ್ತು ಶಿಕ್ಷಣ ನಿರಂತರವಾಗಿ ದೊರೆಯದಿದ್ದಲ್ಲಿ ಆಯ್ಕೆಯಿಂದ ಪ್ರಯೋಜನವಾಗದು.

2. ಏನನ್ನು ಅಳೆಯಲಾಗುತ್ತದೆ?

ಆಯ್ಕೆಯಲ್ಲಿ ಸಾಮಾನ್ಯವಾಗಿ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸಲಾಗುತ್ತದೆ:

ಅ) ಎತ್ತರ ಮತ್ತು ತೂಕ
ಆ) 30 ಮೀಟರ್ ಓಟ – ವೇಗಕ್ಕಾಗಿ
ಇ) ನಿಂತಲ್ಲಿಂದ ಮೇಲಕ್ಕೆ ಮತ್ತು ಮುಂದಕ್ಕೆ ಜಿಗಿತ – ಕಾಲಿನ ಶಕ್ತಿಗಾಗಿ
ಈ) 10 ಮೀಟರ್ ಅಂತರದಲ್ಲಿ 6 ಬಾರಿ ಓಡುವ ಷಟಲ್ ಓಟ – ಚುರುಕುತನಕ್ಕಾಗಿ
ಉ) 800 ಮೀಟರ್ ಓಟ – ದಮ್ಮಿಗಾಗಿ
ಊ) ಆಯಾ ಕ್ರೀಡೆಯ ಕೌಶಲ

ಇವುಗಳಿಗೆ ಮುಂಚಿತ ತರಬೇತಿ ಅತ್ಯಗತ್ಯವಲ್ಲ. ಕೌಶಲವನ್ನು ತರಬೇತುದಾರರು ಕಲಿಸಬಲ್ಲರು. ಸಹಜ ವೇಗವನ್ನು ಕಲಿಸುವುದು ಕಷ್ಟ. ಆದುದರಿಂದ ಪ್ರಶಸ್ತಿ ಪತ್ರಗಳಿಲ್ಲದ ಮಗುವೂ ಹಿಂಜರಿಯಬೇಕಾಗಿಲ್ಲ.

3. ವಯಸ್ಸು ಮತ್ತು ಬೆಳವಣಿಗೆ

ಒಂದೇ ವಯೋಮಿತಿಯಲ್ಲಿ ಜನವರಿಯಲ್ಲಿ ಹುಟ್ಟಿದ ಮಗು ಡಿಸೆಂಬರಿನಲ್ಲಿ ಹುಟ್ಟಿದ ಮಗುವಿಗಿಂತ ಸುಮಾರು 11 ತಿಂಗಳು ದೊಡ್ಡದಿರುತ್ತದೆ. ಕೆನಡಾ ದೇಶದ ಐಸ್ ಹಾಕಿ ಆಟಗಾರರ ಕುರಿತು 1985ರಲ್ಲಿ ಪ್ರಕಟವಾದ ಅಧ್ಯಯನವು, ಉನ್ನತ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿದ್ದುದನ್ನು ತೋರಿಸಿತು. ಆಯ್ಕೆದಾರರು ಬೇಗ ಬೆಳೆದ ಮೈಕಟ್ಟನ್ನೇ ಪ್ರತಿಭೆಯೆಂದು ಭಾವಿಸುವ ಸಂಭವವಿದೆ. ಹೆಣ್ಣುಮಕ್ಕಳು ಸುಮಾರು 12ನೇ ವಯಸ್ಸಿನಲ್ಲಿ, ಗಂಡುಮಕ್ಕಳು ಸುಮಾರು 14ನೇ ವಯಸ್ಸಿನಲ್ಲಿ ಅತಿ ವೇಗವಾಗಿ ಎತ್ತರವಾಗುತ್ತಾರೆ. ಆದುದರಿಂದ ಇಂದು ಚಿಕ್ಕದಾಗಿರುವ ಮಗುವನ್ನು ಪಾಲಕರೂ ಅಸಮರ್ಥವೆಂದು ಪರಿಗಣಿಸಬಾರದು.

ಇದೇ ಕಾರಣದಿಂದ ವಯಸ್ಸನ್ನು ಕಡಿಮೆ ತೋರಿಸುವುದು ಬೇರೊಂದು ಮಗುವಿನ ಸ್ಥಾನವನ್ನು ಕಸಿದಂತೆ. ಸಂದೇಹವಿದ್ದಲ್ಲಿ ಮಣಿಕಟ್ಟಿನ ಎಕ್ಸ್-ರೇ ಮೂಲಕ ಮೂಳೆಯ ವಯಸ್ಸನ್ನು ಅಂದಾಜಿಸುವ ವಿಧಾನವು ಕ್ರೀಡಾ ಕ್ಷೇತ್ರದಲ್ಲಿ ಬಳಕೆಯಲ್ಲಿದೆ.

4. ಮುಂದೆ ತಂಡಗಳು ಆಟಗಾರರನ್ನು ಆರಿಸುವುದು ಹೇಗೆ?

ವೃತ್ತಿಪರ ಲೀಗ್‌ಗಳಲ್ಲಿ ಎರಡು ಪದ್ಧತಿಗಳಿವೆ. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್‌ನಲ್ಲಿ ತಂಡಗಳು ಆಟಗಾರರನ್ನು ಹರಾಜಿನಲ್ಲಿ ಕೊಳ್ಳುತ್ತವೆ. 2022ರ ಅಲ್ಟಿಮೇಟ್ ಖೋ ಖೋ ಲೀಗ್‌ನಲ್ಲಿ ಡ್ರಾಫ್ಟ್ ಪದ್ಧತಿಯನ್ನು ಅನುಸರಿಸಲಾಯಿತು. ಅಂದರೆ ತಂಡಗಳು ಸರದಿಯಂತೆ ಒಬ್ಬೊಬ್ಬ ಆಟಗಾರನನ್ನು ಆರಿಸಿಕೊಳ್ಳುತ್ತವೆ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್‌ನಲ್ಲಿ ಹಿಂದಿನ ಸಾಲಿನಲ್ಲಿ ಸೋತ ತಂಡಗಳಿಗೆ ಮೊದಲು ಆರಿಸುವ ಅವಕಾಶ ಸಿಗುವ ಸಂಭವ ಹೆಚ್ಚು. ಎಲ್ಲ ತಂಡಗಳೂ ಸಮಬಲ ಹೊಂದಬೇಕೆಂಬುದು ಇದರ ಉದ್ದೇಶ. ಎರಡೂ ಪದ್ಧತಿಗಳಲ್ಲಿ ತಂಡಗಳು ಆಟಗಾರನ ಹಿಂದಿನ ಸಾಧನೆಯನ್ನಷ್ಟೇ ಅಲ್ಲದೆ ಗಾಯಗಳ ವಿವರ, ಶಿಸ್ತು ಮತ್ತು ತಮಗೆ ಕೊರತೆಯಿರುವ ಸ್ಥಾನವನ್ನೂ ಗಮನಿಸುತ್ತವೆ.

5. ಪಾಲಕರ ಗಮನಕ್ಕೆ

• ಆಯಾ ವರ್ಷದ ಪ್ರಕಟಣೆಯಲ್ಲಿನ ತರಗತಿ, ವಯೋಮಿತಿ ಮತ್ತು ದಿನಾಂಕವನ್ನು ಮೊದಲು ಓದಿಕೊಳ್ಳತಕ್ಕದ್ದು.
• ಜನನ ಪ್ರಮಾಣ ಪತ್ರ, ಶಾಲಾ ವ್ಯಾಸಂಗ ಪ್ರಮಾಣ ಪತ್ರ, ಆಧಾರ್ ಪ್ರತಿ ಹಾಗೂ ಭಾವಚಿತ್ರಗಳನ್ನು ಸಿದ್ಧವಿರಿಸಿಕೊಳ್ಳತಕ್ಕದ್ದು.
• ಉತ್ತರ ಕನ್ನಡದ ಸಿದ್ದಿ ಸಮುದಾಯವು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದೆ. ಸಂಬಂಧಪಟ್ಟವರು ಜಾತಿ ಪ್ರಮಾಣ ಪತ್ರವನ್ನು ಮುಂಚಿತವಾಗಿಯೇ ಪಡೆಯುವುದು ಸೂಕ್ತ.
• ಶಿಬಿರದ ಹಿಂದಿನ ರಾತ್ರಿ ಮಗುವಿಗೆ ಸಾಕಷ್ಟು ನಿದ್ರೆ ಅವಶ್ಯಕ. ಜೋಯಿಡಾದಂತಹ ದೂರದ ಊರುಗಳಿಂದ ಬರುವವರು ಸಾಧ್ಯವಾದರೆ ಹಿಂದಿನ ದಿನವೇ ತಲುಪಬೇಕು.

ಒಮ್ಮೆ ಆಯ್ಕೆಯಾಗದ ಮಗು ಮುಂದಿನ ಪ್ರಕಟಣೆಯ ಷರತ್ತುಗಳಿಗೆ ಒಳಪಟ್ಟು ಪುನಃ ಪ್ರಯತ್ನಿಸಬಹುದು. ಹೆಚ್ಚಿನ ವಿವರಗಳನ್ನು ಕಾರವಾರದಲ್ಲಿರುವ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಛೇರಿಯಲ್ಲಿ ಅಥವಾ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರಿಂದ ಪಡೆಯಬಹುದಾಗಿದೆ.