ನಮ್ಮ ಅರಿಶಿಣ, ಅವರ ‘ಅಮರೆಲು’

ಬ್ರೆಜಿಲ್ ಕ್ಲೈಂಟ್ ಸಿಕ್ಕಿದ್ದಾರೆ ಅಂತಲೋ, ಟೈಮ್‌ಪಾಸ್‌ಗೆ ಅಂತಲೋ ಆಪ್‌ನಲ್ಲಿ ಪೋರ್ಚುಗೀಸ್ ಕಲೀತಿದ್ದೀರಾ? ಹಾಗಿದ್ರೆ ‘ಅಮರೆಲು’ ನಿಮಗೆ ಬೇಗ ಎದುರಾಗುತ್ತೆ. ಅರ್ಥ ಹಳದಿ. ಆದ್ರೆ ಅದು ನಮ್ಮ ಹಳದಿಯೇ ಅಂದುಕೊಂಡ್ರೆ ಎಡವುತ್ತೀರಿ.

ಮೊದಲು ವ್ಯಾಕರಣ. ನಮ್ಮಲ್ಲಿ ಹಳದಿ ಪುಸ್ತಕ, ಹಳದಿ ಮನೆ, ಹಳದಿ ಹೂಗಳು. ‘ಹಳದಿ’ ಮಾತ್ರ ಬದಲಾಗಲ್ಲ. ಪೋರ್ಚುಗೀಸ್‌ನಲ್ಲಿ ವಸ್ತುಗಳಿಗೂ ಲಿಂಗವಿದೆ. ಪುಸ್ತಕ ಪುಲ್ಲಿಂಗ, ‘ಲಿವ್ರು ಅಮರೆಲು’. ಮನೆ ಸ್ತ್ರೀಲಿಂಗ, ‘ಕಾಜ ಅಮರೆಲ’. ಬಹುವಚನಕ್ಕೆ ಎರಡೂ ಪದದ ಕೊನೆಗೆ ‘ಸ್’. ಬಣ್ಣದ ಹೆಸರು ಬರೋದು ವಸ್ತುವಿನ ನಂತರ.

ಈ ಭಾಷೆ ನಮ್ಮ ಸೀಮೆಗೆ ಹೊಸದೇನಲ್ಲ. ಕಾನಹೊಸಹಳ್ಳಿ ಇರೋ ಜಿಲ್ಲೆಯ ಹೆಸರೇ ವಿಜಯನಗರ. ಅದೇ ವಿಜಯನಗರದ ರಾಜಧಾನಿ ಹಂಪಿಯನ್ನು ಸುಮಾರು 1520ರಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಣ್ಣಾರೆ ಕಂಡು ಬರೆದಿಟ್ಟ. ನಾವಿಂದು ಆಡೋ ಚಾವಿ, ಬಟಾಟೆ, ಪಾದ್ರಿ ಪೋರ್ಚುಗೀಸ್ ಮೂಲದವು. ಹೊಸ ಸಾಮಾನು ಬಂದಾಗ ಅದರ ಹೆಸರೂ ಜೊತೆಗೆ ಬರುತ್ತೆ. ‘ಅಮರೆಲು’ ಮಾತ್ರ ಬರಲಿಲ್ಲ. ಹಳದಿ ನಮ್ಮ ಅಡುಗೆಮನೆ ಡಬ್ಬಿಯಲ್ಲೇ ಇತ್ತಲ್ಲ!

ನಮ್ಮ ‘ಹಳದಿ’ಯ ಮೂಲ ಸಂಸ್ಕೃತದ ‘ಹರಿದ್ರಾ’, ಅಂದ್ರೆ ಅರಿಶಿಣ. ‘ಅಮರೆಲು’ ಮೂಲ ಲ್ಯಾಟಿನ್‌ನ ‘ಅಮಾರುಸ್’, ಅಂದ್ರೆ ಕಹಿ. ಪಿತ್ತದ ಕಹಿ, ಕಾಮಾಲೆಯಲ್ಲಿ ಹಳದಿಗಟ್ಟುವ ಮೈ, ಇವುಗಳಿಂದ ಬಣ್ಣಕ್ಕೆ ಆ ಹೆಸರು ಬಂತು ಅಂತಾರೆ. ಅರಿಶಿಣ ಕಾಮಾಲೆ ನಮಗೂ ಗೊತ್ತು. ಆದ್ರೆ ನಮಗೆ ಹಳದಿ ಅಂದ ತಕ್ಷಣ ನೆನಪಾಗೋದು ಮದುವೆಮನೆ.

ಅದಕ್ಕೇ ಮಾತಲ್ಲಿ ಎಡವಟ್ಟಾಗೋದು. ಕಾನಹೊಸಹಳ್ಳಿಯ ಮದುಮಗಳು ಅರಿಶಿಣ ಹಚ್ಚಿಕೊಂಡು ನಕ್ಕರೆ ಮನೆಗೇ ಕಳೆ. ಬ್ರೆಜಿಲ್‌ನಲ್ಲಿ ‘ಹಳದಿ ನಗು’ ಅಂದ್ರೆ ಪೆಚ್ಚು ನಗೆ. ‘ಅಮರೆಲಾರ್’ ಅನ್ನೋ ಕ್ರಿಯಾಪದಕ್ಕೆ ಆಡುಮಾತಿನಲ್ಲಿ, ಕೊನೇ ಗಳಿಗೇಲಿ ಬಾಲ ಮುದುರೋದು ಅಂತ ಅರ್ಥ.

ಹಾಗಂತ ಅಲ್ಲಿ ಹಳದಿ ಕೆಟ್ಟದ್ದಲ್ಲ. ಹೊಸ ವರ್ಷದ ರಾತ್ರಿ ದುಡ್ಡು ಕೂಡಿಬರಲಿ ಅಂತ ಹಳದಿ ಬಟ್ಟೆ ಹಾಕ್ತಾರೆ. 1950ರ ವಿಶ್ವಕಪ್ ಸೋತ ಮೇಲೆ ಬಿಳಿ ಜರ್ಸಿ ಕೈಬಿಟ್ಟು, 1954ರಿಂದ ತೊಟ್ಟ ಹಳದಿ ಜರ್ಸಿಗೆ ‘ಅಮರೆಲಿಞ’ ಅಂತ ಮುದ್ದಿನ ಹೆಸರು. ಅಲ್ಲಿ ಕುಂಟೆಬಿಲ್ಲೆ ಆಟಕ್ಕೂ ಇದೇ ಹೆಸರು!

ಇನ್ನೊಂದು ಹಳದಿ ಮಾತ್ರ ಮರೀಬೇಡಿ. ಬ್ರೆಜಿಲ್‌ನಲ್ಲಿ ಸೆಪ್ಟೆಂಬರ್ ‘ಸೆತೆಂಬ್ರು ಅಮರೆಲು’, ಆತ್ಮಹತ್ಯೆ ತಡೆಯೋ ಜಾಗೃತಿಯ ತಿಂಗಳು. ಆಗ ವಿಡಿಯೊ ಕಾಲ್‌ನಲ್ಲಿ ಅಲ್ಲಿನ ಸಹೋದ್ಯೋಗಿಯ ಎದೆ ಮೇಲೆ ಹಳದಿ ರಿಬ್ಬನ್ ಕಂಡ್ರೆ, ‘ಏನು, ಪಾರ್ಟಿನಾ?’ ಅಂತ ತಮಾಷೆ ಮಾಡಬೇಡಿ. ‘ಹೇಗಿದ್ದೀರಿ?’ ಅಂತ ಕೇಳಿ, ಉತ್ತರಕ್ಕೂ ಸ್ವಲ್ಪ ಕಾಯಿರಿ.